ಅಂಬೋನ್ ಕೊಲ್ಲಿಯಲ್ಲಿ ಸ್ಕೂಬಾ ಡೈವಿಂಗ್

ಅಂಬೋನ್ ಕೊಲ್ಲಿಯು ಇಂಡೋನೇಷ್ಯಾದ ಮಲುಕು ಪ್ರಾಂತ್ಯದ ಅಂಬೋನ್ ದ್ವೀಪದಲ್ಲಿರುವ ನೀಳವಾದ ಕೊಲ್ಲಿಯಾಗಿದೆ. ಬಾಲಿಯಂತಹ ಪ್ರಸಿದ್ಧ ತಾಣಗಳಿಗೆ ಹೋಲಿಸಿದರೆ ಇಲ್ಲಿಗೆ ಬರುವ ಪ್ರವಾಸಿಗರು ಕಡಿಮೆ. ಆದರೂ ಸಣ್ಣ ಕಡಲಜೀವಿಗಳ ಛಾಯಾಗ್ರಹಣದಲ್ಲಿ ಆಸಕ್ತಿಯುಳ್ಳ ಮುಳುಗುಗಾರರಿಗೆ ಇದು ಪರಿಚಿತ ಸ್ಥಳ. ದಡಕ್ಕೆ ಸಮೀಪವಿರುವ, ಹೆಚ್ಚು ಆಳವಿಲ್ಲದ ತಾಣಗಳಿಂದಾಗಿ ಇಲ್ಲಿ ಮಿತವಾದ ಖರ್ಚಿನಲ್ಲಿ ಡೈವಿಂಗ್ ಮಾಡಬಹುದು.

ಭೌಗೋಳಿಕ ವಿವರ

ಕೊಲ್ಲಿಯು ಉತ್ತರದ ಲೇಹಿತು ಮತ್ತು ದಕ್ಷಿಣದ ಲೇತಿಮೋರ್ ಪರ್ಯಾಯ ದ್ವೀಪಗಳ ನಡುವೆ ಚಾಚಿಕೊಂಡಿದೆ. ಇದರಲ್ಲಿ ಹೊರಕೊಲ್ಲಿ ಮತ್ತು ಒಳಕೊಲ್ಲಿ ಎಂಬ ಎರಡು ಭಾಗಗಳಿವೆ. ಇವೆರಡನ್ನೂ ಕಿರಿದಾದ, ಆಳವಿಲ್ಲದ ಜಲಮಾರ್ಗವೊಂದು ಜೋಡಿಸುತ್ತದೆ. 2016ರಲ್ಲಿ ಉದ್ಘಾಟನೆಯಾದ ಮೇರಾ ಪುತಿ ಸೇತುವೆಯು ಈ ಜಲಮಾರ್ಗದ ಬಳಿ ಎರಡು ದಡಗಳನ್ನು ಸೇರಿಸುತ್ತದೆ. ಅಂಬೋನ್ ನಗರವು ದಕ್ಷಿಣ ದಡದಲ್ಲಿದೆ. ಪಟ್ಟಿಮುರ ವಿಮಾನ ನಿಲ್ದಾಣವು ಉತ್ತರ ದಡದ ಲಾಹಾ ಎಂಬಲ್ಲಿದೆ.

ಇತಿಹಾಸ

ಲವಂಗದ ವ್ಯಾಪಾರಕ್ಕೆ ಹೆಸರಾಗಿದ್ದ ಅಂಬೋನ್, ನಿಸರ್ಗ ವಿಜ್ಞಾನದ ಇತಿಹಾಸದಲ್ಲಿಯೂ ಸ್ಥಾನ ಪಡೆದಿದೆ. ಇಲ್ಲಿ ನೆಲೆಸಿದ್ದ ರಂಫಿಯಸ್ ಚಿಪ್ಪುಜೀವಿಗಳು, ಏಡಿಗಳು ಮತ್ತು ಖನಿಜಗಳನ್ನು ವಿವರಿಸಿ ಬರೆದ ಗ್ರಂಥವು ಅವನ ಮರಣಾನಂತರ 1705ರಲ್ಲಿ ಪ್ರಕಟವಾಯಿತು. 1857ರಲ್ಲಿ ಬಂದ ಆಲ್ಫ್ರೆಡ್ ರಸೆಲ್ ವಾಲೇಸ್, ತಿಳಿಯಾದ ನೀರಿನ ಮೂಲಕ ಬಂದರಿನ ತಳದಲ್ಲಿ ಹವಳಗಳು ಮತ್ತು ಸ್ಪಂಜುಗಳು ಹರಡಿಕೊಂಡಿದ್ದ ದೃಶ್ಯವನ್ನು ತನ್ನ 'ದಿ ಮಲಯ್ ಆರ್ಕಿಪೆಲಗೊ' (1869) ಕೃತಿಯಲ್ಲಿ ವರ್ಣಿಸಿದ್ದಾನೆ.

ಜೀವಿಗಳು

ಮರಳು, ಕೆಸರು ಮತ್ತು ಚೂರುಹವಳಗಳ ತಳದಲ್ಲಿ ಅಡಗಿರುವ ಜೀವಿಗಳನ್ನು ಹುಡುಕುವ ಡೈವಿಂಗ್‌ಗೆ ಮಕ್ ಡೈವಿಂಗ್ ಎನ್ನುತ್ತಾರೆ. ಲಾಹಾ ಸುತ್ತಮುತ್ತಲಿನ ಇಳಿಜಾರುಗಳು ಇದಕ್ಕೆ ಹೆಸರಾಗಿವೆ. ರೈನೋಪಿಯಸ್ ಎಂಬ ಚೇಳುಮೀನು, ಕಡಲ್ಗುದುರೆ, ಅಷ್ಟಪದಿ ಮತ್ತು ಚಿಪ್ಪಿಲ್ಲದ ಬಣ್ಣಬಣ್ಣದ ಕಡಲ ಬಸವನಹುಳುಗಳು ಇಲ್ಲಿ ಕಾಣಸಿಗುತ್ತವೆ.

2008ರಲ್ಲಿ ಇಲ್ಲಿನ ಮುಳುಗುಗಾರರ ಕಣ್ಣಿಗೆ ಬಿದ್ದ ಒಂದು ಕಪ್ಪೆಮೀನು ವಿಜ್ಞಾನಕ್ಕೆ ಹೊಸ ಪ್ರಭೇದವೆಂದು ತಿಳಿದುಬಂದಿತು. 2009ರಲ್ಲಿ ಅದಕ್ಕೆ ಹಿಸ್ಟಿಯೊಫ್ರೈನ್ ಸೈಕೆಡೆಲಿಕಾ ಎಂದು ಹೆಸರಿಡಲಾಯಿತು. ಅದರ ಮೈಮೇಲಿನ ಬಿಳಿ ಪಟ್ಟೆಗಳ ವಿನ್ಯಾಸವು ಮನುಷ್ಯರ ಬೆರಳಚ್ಚಿನಂತೆ ಪ್ರತಿ ಮೀನಿಗೂ ಬೇರೆಯಾಗಿರುತ್ತದೆ. ಆದ್ದರಿಂದ ಸ್ಪಷ್ಟವಾದ ಛಾಯಾಚಿತ್ರವೊಂದೇ ಮೀನನ್ನು ಗುರುತಿಸಲು ನೆರವಾಗುತ್ತದೆ.

ವೆಚ್ಚ

ಅಂಬೋನ್‌ಗೆ ತಲುಪುವ ಪ್ರಯಾಣದ ಖರ್ಚನ್ನು ಹೆಚ್ಚು ತಗ್ಗಿಸಲಾಗದು. ಆದರೆ ತಾಣಗಳು ದಡದ ಬಳಿಯಲ್ಲೇ ಇರುವುದರಿಂದ ದೋಣಿಯ ಇಂಧನ ಉಳಿಯುತ್ತದೆ. ಆಳ ಕಡಿಮೆಯಾದಂತೆ ಸಿಲಿಂಡರಿನ ಗಾಳಿಯೂ ಹೆಚ್ಚು ಹೊತ್ತು ಬರುತ್ತದೆ. 30 ಮೀಟರ್ ಆಳದಲ್ಲಿ ಒತ್ತಡವು ಮೇಲ್ಮೈ ಒತ್ತಡದ 4 ಪಟ್ಟು, 10 ಮೀಟರ್‌ನಲ್ಲಿ 2 ಪಟ್ಟು ಇರುತ್ತದೆ. ಹೀಗಾಗಿ 10 ಮೀಟರ್ ಆಳದಲ್ಲಿ ಅದೇ ಸಿಲಿಂಡರ್ ಸುಮಾರು ಎರಡರಷ್ಟು ಕಾಲ ಸಾಕಾಗುತ್ತದೆ. ಉಸಿರಾಟದ ಉಪಕರಣಗಳನ್ನು ಬಾಡಿಗೆಗೆ ಪಡೆಯುವುದರಿಂದಲೂ ಖರ್ಚು ಇಳಿಯುತ್ತದೆ. ತರಬೇತಿ, ವಿಮೆ ಮತ್ತು ಉಪಕರಣಗಳ ಸುಸ್ಥಿತಿಯಲ್ಲಿ ಮಾತ್ರ ಉಳಿತಾಯ ಮಾಡುವುದು ಅಪಾಯಕಾರಿ. ಹಲವು ಬಾರಿ ಮುಳುಗಿದ ನಂತರ ವಿಮಾನ ಏರಲು ಕನಿಷ್ಠ 18 ಗಂಟೆ ಕಾಯಬೇಕೆಂಬುದು ಸಾಮಾನ್ಯ ಸಲಹೆ.

ನೀರೊಳಗಿನ ಛಾಯಾಗ್ರಹಣ

ನೀರು ಕೆಂಪು ಬೆಳಕನ್ನು ಮೊದಲ ಕೆಲವು ಮೀಟರ್‌ಗಳಲ್ಲೇ ಹೀರಿಕೊಳ್ಳುವುದರಿಂದ ಚಿತ್ರಗಳು ನೀಲಿಯಾಗಿ ಕಾಣುತ್ತವೆ. ವಸ್ತುವಿಗೆ ಆದಷ್ಟು ಹತ್ತಿರ ಹೋಗಿ ಫ್ಲ್ಯಾಶ್ ಬಳಸಿದರೆ ಸಹಜ ಬಣ್ಣ ಮರಳುತ್ತದೆ. ಫ್ಲ್ಯಾಶನ್ನು ಮಸೂರದಿಂದ ಪಕ್ಕಕ್ಕೆ ಸರಿಸಿ ಇಟ್ಟರೆ, ತೇಲುವ ಕಣಗಳು ಚಿತ್ರದಲ್ಲಿ ಬಿಳಿ ಚುಕ್ಕೆಗಳಾಗಿ ಮೂಡುವುದು ಕಡಿಮೆಯಾಗುತ್ತದೆ. ಸಣ್ಣ ಜೀವಿಗಳಿಗೆ ದುಬಾರಿ ವಿಶಾಲಕೋನ ಮಸೂರದ ಅಗತ್ಯವಿಲ್ಲ. ಜಲನಿರೋಧಕ ಕವಚವುಳ್ಳ ಚಿಕ್ಕ ಕ್ಯಾಮೆರಾ, ಅದಕ್ಕೆ ಜೋಡಿಸುವ ಕ್ಲೋಸಪ್ ಮಸೂರ ಮತ್ತು ಒಂದು ದೀಪ ಆರಂಭಕ್ಕೆ ಸಾಕಾಗುತ್ತವೆ.

ಉತ್ತಮ ಚಿತ್ರಕ್ಕಾಗಿ ಜೀವಿಗಳನ್ನು ಮುಟ್ಟುವುದು ಅಥವಾ ಸ್ಥಳಾಂತರಿಸುವುದು ಅವುಗಳಿಗೆ ಹಾನಿಕರ. ತಳವಾಸಿ ಮೀನುಗಳನ್ನು ಕುರಿತು 2019ರಲ್ಲಿ 'ಸೈಂಟಿಫಿಕ್ ರಿಪೋರ್ಟ್ಸ್' ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವು, ಫ್ಲ್ಯಾಶ್ ಬೆಳಕಿಗಿಂತಲೂ ಮೀನುಗಳನ್ನು ಮುಟ್ಟುವುದೇ ಅವುಗಳಿಗೆ ಹೆಚ್ಚು ತೊಂದರೆ ಕೊಡುತ್ತದೆ ಎಂದು ತೋರಿಸಿತು. ಕಾಲಿನ ರೆಕ್ಕೆಗಳಿಂದ ಕೆಸರು ಎಬ್ಬಿಸದೆ ತೇಲುವ ಕೌಶಲವು ಜೀವಿಗಳ ರಕ್ಷಣೆಗೂ ಚಿತ್ರದ ಸ್ಪಷ್ಟತೆಗೂ ಅಗತ್ಯ.

ಪರಿಸರ ಸಮಸ್ಯೆಗಳು

ದಡದ ಸಾಮೀಪ್ಯವು ಡೈವಿಂಗ್ ಖರ್ಚನ್ನು ತಗ್ಗಿಸುವಂತೆಯೇ ಕೊಲ್ಲಿಯನ್ನು ಅಪಾಯಕ್ಕೂ ಒಡ್ಡಿದೆ. ನಗರದ ಪ್ಲಾಸ್ಟಿಕ್ ಕಸ, ಕೊಳಚೆ ಮತ್ತು ಮಳೆಯೊಂದಿಗೆ ಗುಡ್ಡಗಳಿಂದ ಕೊಚ್ಚಿಬರುವ ಮಣ್ಣು ನೇರವಾಗಿ ಕೊಲ್ಲಿಗೆ ಸೇರುತ್ತವೆ. ಜಲಮಾರ್ಗ ಕಿರಿದಾಗಿರುವುದರಿಂದ ಒಳಕೊಲ್ಲಿಯ ನೀರು ಹೊರಗಿನ ನೀರಿನೊಂದಿಗೆ ಸುಲಭವಾಗಿ ಬೆರೆಯುವುದಿಲ್ಲ. ಕೆಲವು ಅಷ್ಟಪದಿ ಮತ್ತು ಮೀನುಗಳು ಬಾಟಲಿ, ಡಬ್ಬಿಗಳಲ್ಲಿ ಆಶ್ರಯ ಪಡೆಯುತ್ತವೆ. ಇಂತಹ ಚಿತ್ರಗಳು ಜನಪ್ರಿಯವಾಗಿದ್ದರೂ ಕಸವು ನಿರಪಾಯಕಾರಿ ಎಂಬುದನ್ನು ಅವು ಸೂಚಿಸುವುದಿಲ್ಲ. ವಾಲೇಸ್ ಕಂಡ ಬಂದರಿನ ತಳ ಇಂದು ಹಾಗೆ ಉಳಿದಿಲ್ಲ.

ಸೂಕ್ತ ಕಾಲ

ಇಂಡೋನೇಷ್ಯಾದ ಹಲವು ಭಾಗಗಳಿಗೆ ವ್ಯತಿರಿಕ್ತವಾಗಿ ಅಂಬೋನ್‌ನಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಭಾರಿ ಮಳೆಯಾಗುತ್ತದೆ. ಆದ್ದರಿಂದ ಉಳಿದ ತಿಂಗಳುಗಳು ಡೈವಿಂಗ್‌ಗೆ ಹೆಚ್ಚು ಅನುಕೂಲಕರವಾಗಿವೆ.