'ಪಿ' ಇದ್ದರೂ ಹ್ಯಾಂಡ್‌ಬ್ರೇಕ್ ಬೇಕು

ಆಟೊಮ್ಯಾಟಿಕ್ ಕಾರಿನ ಗೇರ್ ಲಿವರ್‌ಗೆ ನಾಲ್ಕು ಮುಖ್ಯ ಸ್ಥಾನಗಳು: ಮುಂದೆ ಸಾಗಲು 'ಡಿ', ಹಿಂದೆ ಸರಿಯಲು 'ಆರ್', ತಟಸ್ಥಕ್ಕೆ 'ಎನ್', ನಿಲ್ಲಿಸಿಡಲು 'ಪಿ'. ಈ ಲಿವರ್ರೇ ಚಾಲಕನನ್ನು ಗೊಂದಲಕ್ಕೆ ತಳ್ಳಿದರೆ?

ಅಮೆರಿಕದಲ್ಲಿ ಹಾಗೆಯೇ ಆಯಿತು. ಗ್ರ್ಯಾಂಡ್ ಚೆರೋಕಿ ಮುಂತಾದ ಕೆಲವು ಮಾದರಿಗಳಲ್ಲಿ ಲಿವರ್ ಅನ್ನು ಎತ್ತ ತಳ್ಳಿದರೂ ಕೈಬಿಟ್ಟೊಡನೆ ಅದು ನಡುವಿಗೇ ಮರಳುತ್ತಿತ್ತು. ಯಾವ ಗೇರ್ ಎಂಬುದನ್ನು ಬೆಳಗುವ ಅಕ್ಷರ ನೋಡಿಯೇ ತಿಳಿಯಬೇಕು. 'ಪಿ'ಗೆ ಹಾಕಿದೆವೆಂದು ನಂಬಿ ಇಳಿದವರ ಮೇಲೇ ಗಾಡಿ ಉರುಳಿದ ಪ್ರಸಂಗಗಳು ನಡೆದವು. 2016ರ ಏಪ್ರಿಲ್‌ನಲ್ಲಿ ತಯಾರಕರು ಜಗತ್ತಿನಾದ್ಯಂತ ಸುಮಾರು 11 ಲಕ್ಷ ವಾಹನಗಳನ್ನು ದುರಸ್ತಿಗೆ ಕರೆದರು. ಅದೇ ವರ್ಷ ಜೂನ್ 19ರಂದು ಲಾಸ್ ಏಂಜಲೀಸ್‌ನಲ್ಲಿ 27 ವರ್ಷದ ನಟ ಆಂಟನ್ ಯೆಲ್ಚಿನ್, ಮನೆಯ ಇಳಿಜಾರಿನಲ್ಲಿ ಉರುಳಿ ಬಂದ ತಮ್ಮದೇ ಕಾರಿಗೆ ಸಿಲುಕಿ ಅಸುನೀಗಿದರು. ಆ ಮಾದರಿಯೂ ದುರಸ್ತಿಯ ಪಟ್ಟಿಯಲ್ಲಿತ್ತು. ಚಾಲಕ ಬಾಗಿಲು ತೆರೆದರೆ ಗಾಡಿ ತಾನಾಗಿ 'ಪಿ'ಗೆ ಬರುವಂತೆ ಆಮೇಲೆ ತಿದ್ದಲಾಯಿತು.

'ಪಿ' ಎಂದರೆ ಗೇರ್‌ಬಾಕ್ಸಿನೊಳಗಿನ ಹಲ್ಲುಚಕ್ರಕ್ಕೆ ಸಿಕ್ಕಿಕೊಳ್ಳುವ ಪುಟ್ಟ ಉಕ್ಕಿನ ಚಿಲಕ, ಅಷ್ಟೆ. ಇಳಿಜಾರಿನಲ್ಲಿ ಗಾಡಿಯ ಒತ್ತಡವೆಲ್ಲ ಅದರ ಮೇಲೆ. ಹ್ಯಾಂಡ್‌ಬ್ರೇಕ್ ಹಾಗಲ್ಲ, ಅದು ನೇರವಾಗಿ ಚಕ್ರಗಳನ್ನೇ ಹಿಡಿಯುತ್ತದೆ.

ಆದ್ದರಿಂದ ಕಾಲು ಬ್ರೇಕಿನ ಮೇಲಿರುವಾಗಲೇ ಮೊದಲು ಹ್ಯಾಂಡ್‌ಬ್ರೇಕ್, ಆಮೇಲೆ 'ಪಿ'. ಅಕ್ಷರವನ್ನು ಕಣ್ಣಾರೆ ಕಂಡು, ಎಂಜಿನ್ ಆರಿಸಿ, ಮೆಲ್ಲಗೆ ಕಾಲು ತೆಗೆಯಿರಿ. ಗಾಡಿ ಅಲುಗದಿದ್ದರೆ ಮಾತ್ರ ಇಳಿಯಿರಿ. ಲಿವರ್ ಸಡಿಲವೆನಿಸಿದರೆ, ಅಥವಾ ಲಿವರ್ ಇರುವ ಜಾಗಕ್ಕೂ ಬೆಳಗುವ ಅಕ್ಷರಕ್ಕೂ ತಾಳೆಯಾಗದಿದ್ದರೆ, ಓಡಿಸದೆ ಮೆಕ್ಯಾನಿಕ್‌ನನ್ನು ಕರೆಸಿ. ಮಕ್ಕಳಿಗೂ ಒಂದು ಮಾತು ಹೇಳಿಕೊಡಿ: ಉರುಳುವ ಕಾರಿಗೆ ಅಡ್ಡ ನಿಲ್ಲಬಾರದು. ದಾರಿ ಬಿಟ್ಟು ಪಕ್ಕಕ್ಕೆ ಸರಿಯಬೇಕು.