ಬಾರದೆ ಹೋದರೆ ಏನಾಗುತ್ತದೆ?

1930ರ ದಶಕದ ಆರಂಭ. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿದ್ದ ಬಿ. ಎಫ್. ಸ್ಕಿನ್ನರ್ ಎಂಬ ತರುಣ ಮನಶ್ಶಾಸ್ತ್ರಜ್ಞರಿಗೆ ಒಂದು ಶನಿವಾರ ಮಧ್ಯಾಹ್ನ ಗುಳಿಗೆ ಮಾಡುತ್ತ ಕೂರುವ ಮನಸ್ಸಿರಲಿಲ್ಲ. ಅವರ ಬಳಿ ಎಂಟು ಇಲಿಗಳಿದ್ದವು. ಪೆಟ್ಟಿಗೆಯೊಳಗಿನ ಹಿಡಿಕೆ ಒತ್ತಿದಾಗಲೆಲ್ಲ ಇಲಿಗೆ ಒಂದು ಗುಳಿಗೆ ತಿಂಡಿ ಬೀಳುತ್ತಿತ್ತು. ಒಂದೊಂದು ಇಲಿ ದಿನಕ್ಕೆ ನೂರು ಗುಳಿಗೆ ಮುಗಿಸುತ್ತಿತ್ತು, ಅಷ್ಟನ್ನೂ ಸ್ಕಿನ್ನರ್ ತಾವೇ ತಯಾರಿಸಬೇಕಿತ್ತು. ಅವತ್ತು ಲೆಕ್ಕ ಹಾಕಿದರೆ ದಾಸ್ತಾನು ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಖಾಲಿ. ಉಳಿದ ದಿನವೆಲ್ಲ ಗುಳಿಗೆ ಮಾಡುವ ಯಂತ್ರದ ಮುಂದೆ ಕೂರಬೇಕು, ಇಲ್ಲವೇ ಗುಳಿಗೆ ಉಳಿಸಬೇಕು. ಉಳಿಸುವುದೇ ವಾಸಿ ಎನ್ನಿಸಿತು. ಎಷ್ಟು ಸಲ ಒತ್ತಿದರೂ ಸರಿ, ನಿಮಿಷಕ್ಕೆ ಒಂದೇ ಗುಳಿಗೆ ಎಂದು ಬದಲಾಯಿಸಿದರು.

ಇಲಿಗಳು ಬೇಸತ್ತು ಬಿಟ್ಟುಬಿಡಬೇಕಿತ್ತಲ್ಲ? ಬಿಡಲಿಲ್ಲ. ಒಂದೇ ವೇಗದಲ್ಲಿ ಒತ್ತುತ್ತಲೇ ಇದ್ದವು. ಕೊಡುವುದನ್ನು ಕಡಿಮೆ ಮಾಡಿದರೂ ಕೆಲಸ ಕಡಿಮೆಯಾಗುವುದಿಲ್ಲ ಎಂಬುದು ಹೀಗೆ ತಿಳಿಯಿತು. ಈ ಕತೆಯನ್ನು ಸ್ಕಿನ್ನರ್ 1956ರಲ್ಲಿ ತಾವೇ ಬರೆದಿದ್ದಾರೆ, ತಮ್ಮ ಸೋಮಾರಿತನವನ್ನು ಮುಚ್ಚಿಡದೆ. ಮರುವರ್ಷ ಚಾರ್ಲ್ಸ್ ಫರ್ಸ್ಟರ್ ಜೊತೆಗೂಡಿ ಹೊರತಂದ ದಪ್ಪ ಪುಸ್ತಕದಲ್ಲಿ ಪಾರಿವಾಳಗಳ ಮೇಲೆ ನಡೆಸಿದ ನೂರಾರು ಪ್ರಯೋಗಗಳ ವಿವರವಿದೆ. ಬಹುಮಾನ ಯಾವಾಗ ಬರುತ್ತದೆಂದು ಗೊತ್ತಾಗದಿದ್ದರೆ ಹಕ್ಕಿ ಇನ್ನೂ ಜೋರಾಗಿ ಕುಕ್ಕುತ್ತದೆ. ಜೂಜಿನ ಯಂತ್ರದ ಗುಟ್ಟು ಇಷ್ಟೇ. ಇವತ್ತಿನ ಮೊಬೈಲ್ ಆಟದೊಳಗಿನ ಬಹುಮಾನದ ಚಕ್ರದ್ದೂ ಇದೇ.

ಕೈಗೆ ಬಂದ ಫೋನ್ ಕೆಳಗಿಡಲಾಗದ್ದಕ್ಕೆ ಇದು ಕಾರಣ ಹೇಳುತ್ತದೆ. ಆದರೆ ಕೆಳಗಿಟ್ಟವರು ನಾಳೆ ಬೆಳಿಗ್ಗೆ ಮತ್ತೆ ಯಾಕೆ ತೆಗೆಯುತ್ತಾರೆ, ಅದೂ ದಿನ ತಪ್ಪದೆ? ಅದಕ್ಕೆ ಇನ್ನೊಂದು ಪೆಟ್ಟಿಗೆ ನೋಡಬೇಕು.

1953ರಲ್ಲಿ ಮರ್ರಿ ಸಿಡ್ಮನ್ ಎಂಬ ಅಮೆರಿಕನ್ ವಿಜ್ಞಾನಿ ಒಂದು ಪುಟ್ಟ ಲೇಖನ ಪ್ರಕಟಿಸಿದರು. ಅವರ ಪೆಟ್ಟಿಗೆಯಲ್ಲಿ ತಿಂಡಿ ಇರಲಿಲ್ಲ. ಕೆಲವು ಸೆಕೆಂಡಿಗೊಮ್ಮೆ ಇಲಿಯ ಕಾಲಿಗೆ ಸಣ್ಣ ಶಾಕ್. ಹಿಡಿಕೆ ಒತ್ತಿದರೆ ಮುಂದಿನ ಶಾಕ್ ಸ್ವಲ್ಪ ಹೊತ್ತು ಮುಂದಕ್ಕೆ ಹೋಗುತ್ತದೆ. ಗಂಟೆಯಿಲ್ಲ, ದೀಪವಿಲ್ಲ, ಯಾವ ಮುನ್ಸೂಚನೆಯೂ ಇಲ್ಲ. ಇಲಿ ಕಲಿತುಕೊಂಡಿತು, ಗಂಟೆಗಟ್ಟಲೆ ಒತ್ತತೊಡಗಿತು. ಹೊರಗಿನಿಂದ ನೋಡಿದವರಿಗೆ ಅದು ಯಾವುದಕ್ಕಾಗಿ ದುಡಿಯುತ್ತಿದೆ ಎಂಬುದೇ ಕಾಣದು, ಏಕೆಂದರೆ ಸಿಗುವುದು ಏನೂ ಇಲ್ಲ. ಕೆಟ್ಟದ್ದು ಆಗದಿರುವುದೇ ಅದರ ಕೂಲಿ.

ಸಿಡ್ಮನ್‌ರ ಇಲಿ ನನಗೆ ಅರ್ಥವಾದದ್ದು ಹೊನ್ನೆಮರಡಿನಲ್ಲಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಹಿಂದಕ್ಕೆ ಹರಡಿಕೊಂಡಳಲ್ಲ, ಆ ಹಿನ್ನೀರಿನ ದಂಡೆಯ ಊರು ಇದು. ಸಾಗರದ ಸುತ್ತಿನವರು ಮಕ್ಕಳನ್ನು ದೋಣಿ, ತೆಪ್ಪ, ಈಜು ಎಂದು ಇಲ್ಲಿಗೆ ಕರೆತರುವುದುಂಟು. ಈ ಹಿನ್ನೀರಿನ ಸೀಮೆಯಲ್ಲಿ ಸಿಗ್ನಲ್ ಸಿಕ್ಕರೆ ಸಿಕ್ಕಿತು. ನಮ್ಮ ಜೊತೆ ಬಂದ ಮಾಣಿಯೊಬ್ಬ ಲೈಫ್ ಜಾಕೆಟ್ ಹಾಕಿಕೊಂಡು, ತೆಪ್ಪ ಹತ್ತದೆ, ಫೋನನ್ನು ಆಕಾಶಕ್ಕೆ ಎತ್ತಿ ದಂಡೆಯ ಮೇಲೆ ಅಡ್ಡಾಡುತ್ತಿದ್ದ.

"ಅಷ್ಟು ಚಲೋ ಇದ್ದನಾ ಆಟ?" ಎಂದೆ.

"ಆಟ ಎಂತ ಚಲೋ ಇಲ್ಲೆ ಮಾವ. ಒಂದಿನ ಬಿಟ್ರೆ ಸ್ಟ್ರೀಕ್ ಹೋಗ್ತು."

ದಿನ ತಪ್ಪದೆ ಆಡಿದ್ದನ್ನು ಆಟ ಎಣಿಸಿಡುವ ಲೆಕ್ಕವೇ ಸ್ಟ್ರೀಕ್. ಅವನ ಅಕ್ಕ ಜಾಣೆ. ಹೊರಡುವ ಮುಂಚೆಯೇ ಪಾಸ್‌ವರ್ಡನ್ನು ಗೆಳತಿಗೆ ಕೊಟ್ಟು ಬಂದಿದ್ದಳು. ಮದುವೆಮನೆಗೆ ಹೋಗುವವರು ಹಾಲು ಕರೆಯಲು ಪಕ್ಕದ ಮನೆಯವರಿಗೆ ಹೇಳಿಹೋಗುತ್ತಾರಲ್ಲ, ಹಾಗೆ. ಆದರೆ ಕರೆಯದಿದ್ದರೆ ಹಸುವಿನ ಕೆಚ್ಚಲು ನಿಜಕ್ಕೂ ಬಾಯುತ್ತದೆ. ಆಟದೊಳಗೆ ಬಾಯುವಂಥದ್ದು ಏನೂ ಇಲ್ಲ. ಬಾಯುವಂತೆ ಯಾರೋ ಕೂತು ಬರೆದಿದ್ದಾರೆ, ಅಷ್ಟೆ.

ಹಾಗೆ ಬರೆಯಬಹುದೆಂದು ಆಟ ಮಾಡುವವರಿಗೆ ಬಿಡಿಸಿ ಹೇಳಿದ್ದು ಜಾನ್ ಹಾಪ್ಸನ್. 2001ರ ಏಪ್ರಿಲ್‌ನಲ್ಲಿ ಅವರು ಬರೆದ ಲೇಖನ ಸ್ಕಿನ್ನರ್ ಪರಂಪರೆಯ ಪ್ರಯೋಗಗಳನ್ನು ಒಂದೊಂದಾಗಿ ಆಟದ ವಿನ್ಯಾಸಕ್ಕೆ ಹೊಂದಿಸಿತು. ಶಾಕ್ ತಪ್ಪಿಸಿಕೊಳ್ಳುವ ಇಲಿಯೂ ಅದರಲ್ಲಿತ್ತು. ಅಲ್ಟಿಮಾ ಆನ್‌ಲೈನ್ ಎಂಬ 1997ರ ಆಟದಲ್ಲಿ ಆಟಗಾರ ಕಟ್ಟಿದ ಮನೆಯನ್ನು ಆಗಾಗ ಬಂದು ನೋಡಿಕೊಳ್ಳದಿದ್ದರೆ ಅದು ಶಿಥಿಲವಾಗಿ ಬೀಳುತ್ತಿತ್ತು. ಹಾಪ್ಸನ್ ಕೊಟ್ಟ ಉದಾಹರಣೆ ಇದೇ. ಅವರು ಮುಂದೆ ಮೈಕ್ರೋಸಾಫ್ಟ್ ಮತ್ತು ಬಂಜೀ ಕಂಪನಿಗಳಲ್ಲಿ ಆಟಗಳ ಸಂಶೋಧಕರಾದರು.

ಮನೆಮನೆಗೆ ಈ ತಂತ್ರವನ್ನು ಮುಟ್ಟಿಸಿದ್ದು 2009ರ ಜೂನ್‌ನಲ್ಲಿ ಫೇಸ್‌ಬುಕ್‌ಗೆ ಬಂದ ಫಾರ್ಮ್‌ವಿಲ್. ಸ್ಟ್ರಾಬೆರಿ ಬಿತ್ತಿದರೆ ನಾಲ್ಕು ಗಂಟೆಗೆ ಫಸಲು, ಹೊತ್ತಿಗೆ ಸರಿಯಾಗಿ ಬಂದು ಕೊಯ್ಯದಿದ್ದರೆ ಒಣಗಿ ಕಂದು ಬಣ್ಣ. ಮರುವರ್ಷದ ಹೊತ್ತಿಗೆ ತಿಂಗಳಿಗೆ 8 ಕೋಟಿಗೂ ಹೆಚ್ಚು ಜನ ಈ ಬೇಸಾಯಕ್ಕೆ ಬಿದ್ದಿದ್ದರು. ಅದನ್ನು ಮಾಡಿದ ಜಿಂಗಾ ಕಂಪನಿ 2010ರಲ್ಲಿ ಬೆಂಗಳೂರಿನಲ್ಲೇ ಕಚೇರಿ ತೆರೆಯಿತು. ಅಡಿಕೆ ತೋಟಕ್ಕೆ ಆಳು ಸಿಗದೆ ಒದ್ದಾಡುವ ನಾಡಿನ ಹುಡುಗರು ಇಲ್ಲದ ತೋಟದ ಕೊಯ್ಲಿಗೆ ಅಲಾರಂ ಇಟ್ಟುಕೊಂಡು ಎದ್ದಿರಬಹುದು, ಬಿಡಿ.

ಇದೇ ಲೆಕ್ಕವನ್ನು ತಿರುಗಿಸಿ ಇಟ್ಟವರೂ ಇದ್ದಾರೆ. 2004ರ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಆಟದ ಪರೀಕ್ಷಾ ಹಂತದಲ್ಲಿ, ಬಹಳ ಹೊತ್ತು ಆಡಿದವರಿಗೆ ಸಿಗುವ ಅಂಕ ಅರ್ಧಕ್ಕೆ ಇಳಿಯುತ್ತಿತ್ತು. ಆಟಗಾರರು ಸಿಡಿದೆದ್ದರು. ಬ್ಲಿಜಾರ್ಡ್ ಕಂಪನಿ ಏನು ಮಾಡಿತು ಗೊತ್ತೆ? ಹೆಚ್ಚುಕಡಿಮೆ ಅದೇ ವ್ಯವಸ್ಥೆ ಇಟ್ಟುಕೊಂಡು ಹೆಸರು ಬದಲಿಸಿತು. ಆಡಿ ದಣಿದವರಿಗೆ ದಂಡ ಎನ್ನುವ ಬದಲು, ವಿಶ್ರಾಂತಿ ಪಡೆದು ಬಂದವರಿಗೆ ಎರಡು ಪಟ್ಟು ಎಂದಿತು. ಗೊಣಗಾಟ ನಿಂತಿತು. ಡೇನಿಯಲ್ ಕಾಹ್ನೆಮನ್ ಮತ್ತು ಅಮೋಸ್ ಟ್ವರ್ಸ್ಕಿ 1979ರಲ್ಲೇ ಇದಕ್ಕೆ ಕಾರಣ ಕೊಟ್ಟಿದ್ದರು: ನೂರು ರೂಪಾಯಿ ಸಿಕ್ಕ ಸಂತೋಷಕ್ಕಿಂತ ನೂರು ರೂಪಾಯಿ ಕಳೆದ ಸಂಕಟ ದೊಡ್ಡದು. ಸ್ಟ್ರೀಕ್ ನಿಂತಿರುವುದು ಈ ಸಂಕಟದ ಮೇಲೆ. ಆಡದ ದಿನವನ್ನು ಆಟ ಲಾಭವಾಗಿಯೂ ಬರೆಯಬಹುದು, ನಷ್ಟವಾಗಿಯೂ ಬರೆಯಬಹುದು. ಯಾವುದನ್ನು ಬರೆಯಬೇಕೆಂಬುದು ಕಂಪನಿಯ ಆಯ್ಕೆ.

ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲಿ ಶಟ್ ಕ್ಲಿನಿಕ್ ಎಂಬ ವಿಭಾಗವನ್ನೇ ತೆರೆದು, ಫೋನು ಮತ್ತು ಆಟಗಳಿಂದ ಬಿಡಿಸಿಕೊಳ್ಳಲಾಗದವರನ್ನು ನೋಡತೊಡಗಿತು. ವಿಶ್ವ ಆರೋಗ್ಯ ಸಂಸ್ಥೆ ಆಟದ ಗೀಳನ್ನು ರೋಗಗಳ ಪಟ್ಟಿಗೆ ಸೇರಿಸಿದ್ದು ಆಮೇಲೆ. ಆ ಪಟ್ಟಿ ಜಾರಿಗೆ ಬಂದದ್ದು 2022ರ ಜನವರಿ 1ರಂದು. ದಿನಾ ಹಾಜರಿ ಹಾಕುವವರೆಲ್ಲ ರೋಗಿಗಳಲ್ಲ. ಹೊನ್ನೆಮರಡಿನ ಆ ಮಾಣಿಯಂತೂ ಅಲ್ಲ. ಸಿಗ್ನಲ್ ಸಿಗುವ ಲಕ್ಷಣ ಕಾಣದಾದಾಗ ಫೋನನ್ನು ಚೀಲಕ್ಕೆ ತುರುಕಿ ತೆಪ್ಪ ಹತ್ತಿದ, ಕತ್ತಲಾದ ಮೇಲೆ ಅವನನ್ನು ನೀರಿನಿಂದ ಎಬ್ಬಿಸುವುದೇ ಕಷ್ಟವಾಯಿತು.

ಕಾನೂನು ಈ ತಂತ್ರದ ಮೇಲೆ ಕೈಯಿಡಲು ಒಮ್ಮೆ ಹೊರಟಿತ್ತು. 2023ರ ಡಿಸೆಂಬರ್ 22ರಂದು ಚೀನಾ ಸರಕಾರ ಹೊರಡಿಸಿದ ಕರಡು ನಿಯಮದಲ್ಲಿ ದಿನನಿತ್ಯದ ಲಾಗಿನ್ ಬಹುಮಾನವನ್ನು ನಿಷೇಧಿಸುವ ಮಾತಿತ್ತು. ಅದೇ ದಿನ ಟೆನ್ಸೆಂಟ್, ನೆಟ್‌ಈಸ್ ಕಂಪನಿಗಳ ಷೇರುಗಳು ಕುಸಿದುಬಿದ್ದವು. ತಿಂಗಳೊಪ್ಪತ್ತಿನಲ್ಲಿ ಆ ಕರಡು ಸರಕಾರದ ಜಾಲತಾಣದಿಂದ ಮಾಯವಾಯಿತು. ದಿನಾ ಬರುವ ಹಾಜರಿಗೆ ಎಷ್ಟು ಬೆಲೆಯಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಭಾರತದ ಸಂಸತ್ತು 2025ರ ಆಗಸ್ಟ್‌ನಲ್ಲಿ ಒಪ್ಪಿದ ಕಾಯ್ದೆ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ, ಸ್ಟ್ರೀಕ್‌ನ ತಂಟೆಗೆ ಹೋಗಿಲ್ಲ.

ಹಾಗಾಗಿ ಸದ್ಯಕ್ಕೆ ಪರೀಕ್ಷೆ ನಾವೇ ಮಾಡಬೇಕು. ಮಗು ಎಷ್ಟು ಹೊತ್ತು ಆಡುತ್ತದೆ ಎಂದು ಗಡಿಯಾರ ನೋಡುವ ಮೊದಲು ಹತ್ತಿರ ಕೂತು, "ನಾಳೆ ಆಡದಿದ್ದರೆ ನಿನ್ನ ಆಟದಲ್ಲಿ ಏನಾಗುತ್ತದೆ?" ಎಂದು ಕೇಳಿ. ಏನೂ ಆಗುವುದಿಲ್ಲ ಎಂದರೆ ಆಡಿಕೊಳ್ಳಲಿ. ಏನೋ ಹೋಗುತ್ತದೆ ಎಂದರೆ ಆ ಆಟವನ್ನು ಫೋನಿನಿಂದ ತೆಗೆಸಿ.