ಅಗ್ನಿಬಾಣದ ಪ್ರತ್ಯಾಗಮನ

ಕನ್ನಡ ನಾಡಿಗೆ ರಾಕೆಟ್ಟು ಹೊಸದಲ್ಲ. ಹೈದರ್ ಅಲಿ ಮತ್ತು ಟೀಪು ಸುಲ್ತಾನರ ಸೈನ್ಯಗಳು ಕಬ್ಬಿಣದ ಕೊಳವೆಯಲ್ಲಿ ಮದ್ದನ್ನು ತುಂಬಿ, ಅದಕ್ಕೆ ಬಿದಿರಿನ ಗಳುವನ್ನು ಕಟ್ಟಿ ಶತ್ರುಗಳ ಮೇಲೆ ಪ್ರಯೋಗಿಸುತ್ತಿದ್ದುದು ಸುವಿದಿತವಾಗಿದೆ. ೨೦೧೮ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಹಳೆಯ ಬಾವಿಯೊಂದರಲ್ಲಿ ಅಂತಹ ಸಾವಿರಕ್ಕೂ ಮಿಕ್ಕ ಬಾಣಗಳು ದೊರೆತವು. ಅವು ಆಯುಧಗಳು, ಬಿಟ್ಟ ಬಾಣ ಮರಳಿ ಬರಬೇಕೆಂಬ ಅಪೇಕ್ಷೆ ಯಾರಿಗೂ ಇರಲಿಲ್ಲ. ಆ ಅಪೇಕ್ಷೆ ಹುಟ್ಟಿದೊಡನೆ ರಾಕೆಟ್ಟಿನ ಶಾಸ್ತ್ರ ಇಮ್ಮಡಿಯಾಗುತ್ತದೆ. ಏರಿಸುವುದು ಅದರಲ್ಲಿ ಅರ್ಧ ಮಾತ್ರ. ಕೆಡದಂತೆ ಇಳಿಸಿ ಮತ್ತೆ ಕೈಗೆ ತಂದುಕೊಳ್ಳುವುದು ಉಳಿದರ್ಧ. ಈ ಉಳಿದರ್ಧದ ಸ್ವರೂಪವನ್ನು ವಿದ್ಯಾರ್ಥಿಗಳ ಮಾದರಿ ರಾಕೆಟ್ಟಿನಿಂದ ತೊಡಗಿ ವಿಶಾಖಪಟ್ಟಣದಲ್ಲಿ ನಡೆದ ಪರೀಕ್ಷೆಗಳವರೆಗೆ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಅಮೆರಿಕೆಯ ನೆಬ್ರಾಸ್ಕ ಸಂಸ್ಥಾನದಲ್ಲಿ ಪಾದರಕ್ಷೆಗಳ ಅಂಗಡಿಯನ್ನಿಟ್ಟಿದ್ದ ಆರ್ವಿಲ್ ಕಾರ್ಲೈಲ್ ಎಂಬಾತನು ೧೯೫೪ರಲ್ಲಿ ಪ್ಯಾರಾಷೂಟಿನ ನೆರವಿನಿಂದ ಮರಳಿ ಇಳಿಯುವ ಪುಟ್ಟ ರಾಕೆಟ್ಟೊಂದನ್ನು ರಚಿಸಿದನು. ಮನೆಯಲ್ಲಿ ಮದ್ದು ಬೆರಸಿ ಲೋಹದ ಕೊಳವೆಗಳಲ್ಲಿ ತುಂಬಿ ಅಪಾಯಕ್ಕೀಡಾಗುತ್ತಿದ್ದ ತರುಣರನ್ನು ಕುರಿತು ರಾಕೆಟ್ ತಜ್ಞ ಹ್ಯಾರಿ ಸ್ಟೈನನು ೧೯೫೭ರಲ್ಲಿ ಬರೆದ ಲೇಖನವನ್ನೋದಿ, ಕಾರ್ಲೈಲನು ತನ್ನ ಮಾದರಿಗಳನ್ನು ಅವನಿಗೆ ಕಳುಹಿಸಿದನು. ಈ ಹವ್ಯಾಸದ ಮೂಲ ನಿಯಮಗಳು ಅಂದೇ ಸ್ಥಿರವಾದುವೆನ್ನಬಹುದು: ಒಡಲಿಗೆ ಲೋಹ ಕೂಡದು; ಮದ್ದು ಕಾರ್ಖಾನೆಯಲ್ಲಿ ಸಿದ್ಧವಾದ ಮುಚ್ಚಿದ ಎಂಜಿನಿನಲ್ಲಿರಬೇಕು; ಏರಿದುದು ನಿಧಾನವಾಗಿ ಇಳಿಯಬೇಕು. ನಮ್ಮ ದೇಶದಲ್ಲಿ ಸ್ಫೋಟಕಗಳ ತಯಾರಿಕೆಯು ೧೮೮೪ರ ಅಧಿನಿಯಮಕ್ಕೆ ಒಳಪಟ್ಟಿರುವುದರಿಂದ ಈ ಮಾತು ಇಲ್ಲಿಯೂ ಗಮನಾರ್ಹವಾದುದು.

ಮಾದರಿ ರಾಕೆಟ್ಟಿನ ಅಂಗಗಳು ಕೆಲವೇ. ಗಟ್ಟಿ ಕಾಗದದ ಕೊಳವೆಯೇ ಒಡಲು. ತುದಿಗೆ ಹಗುರವಾದ ಮೂತಿ. ಬುಡಕ್ಕೆ ಮೂರು ಅಥವಾ ನಾಲ್ಕು ರೆಕ್ಕೆ. ಭಾರದ ಕೇಂದ್ರವು ಗಾಳಿಯ ಒತ್ತಡದ ಕೇಂದ್ರಕ್ಕಿಂತ ಮುಂದಿದ್ದರೆ ಮಾತ್ರ ಅದು ನೆಟ್ಟಗೆ ಹಾರುತ್ತದೆ. ಎಂಜಿನಿನಲ್ಲಿ ಮದ್ದು ಮೂರು ಪದರಗಳಾಗಿರುತ್ತದೆ. ಮೊದಲನೆಯದು ರಾಕೆಟ್ಟನ್ನು ನೂಕುತ್ತದೆ. ಎರಡನೆಯದು ಕೆಲವು ಸೆಕೆಂಡುಗಳ ಕಾಲ ನೂಕದೆ ಸುಮ್ಮನೆ ಉರಿಯುತ್ತದೆ. ಅಷ್ಟರಲ್ಲಿ ರಾಕೆಟ್ಟು ತನ್ನ ವೇಗದಿಂದಲೇ ತುದಿಯೆತ್ತರವನ್ನು ಮುಟ್ಟುತ್ತದೆ. ಮೂರನೆಯದು ಒಳಗೇ ಸಿಡಿದು, ಮೂತಿಯನ್ನೂ ಪ್ಯಾರಾಷೂಟನ್ನೂ ಹೊರಕ್ಕೆ ತಳ್ಳುತ್ತದೆ. ಈ ತಳ್ಳುವಿಕೆ ತುದಿಯೆತ್ತರದಲ್ಲಿಯೇ ನಡೆಯಬೇಕು, ಏಕೆಂದರೆ ಅಲ್ಲಿ ವೇಗವು ಅತ್ಯಲ್ಪ. ಮುಂಚೆಯಾದರೆ ಏರುವ ವೇಗದಲ್ಲಿ, ತಡವಾದರೆ ಬೀಳುವ ವೇಗದಲ್ಲಿ, ಬಟ್ಟೆ ಹರಿಯುತ್ತದೆ ಇಲ್ಲವೇ ದಾರವು ಕಾಗದದ ಒಡಲನ್ನು ಸೀಳುತ್ತದೆ.

ಪ್ಯಾರಾಷೂಟನ್ನು ಮಡಿಸುವುದೂ ಸಾಮಾನ್ಯ ಕಾರ್ಯವಲ್ಲ. ಸಿಡಿತದ ಬಿಸಿ ತಾಗಿ ಹಾಳೆ ಕರಗದಂತೆ ಅದಕ್ಕೂ ಎಂಜಿನಿಗೂ ನಡುವೆ ಬೆಂಕಿ ಹಿಡಿಯದ ಮೃದುವಾದ ಕಾಗದವನ್ನಿಡಬೇಕು. ಮಡಿಕೆಗಳು ಒಂದಕ್ಕೊಂದು ಅಂಟದಂತೆ ಪೌಡರನ್ನು ಉದುರಿಸುವುದುಂಟು. ಕೊಡೆಯ ನಡುವೆ ಸಣ್ಣ ರಂಧ್ರವಿದ್ದರೆ ಒಳಗೆ ಸಿಕ್ಕ ಗಾಳಿ ಮೇಲಕ್ಕೆ ಹೋಗಿ ತೂಗಾಟ ಕಡಮೆಯಾಗುತ್ತದೆ. ಒಡಲಿಗೂ ಮೂತಿಗೂ ನಡುವಣ ದಾರ ಸಾಕಷ್ಟು ಉದ್ದವಾಗಿದ್ದರೆ ಬಿಚ್ಚಿಕೊಳ್ಳುವಾಗಿನ ಜಗ್ಗಾಟ ಸೌಮ್ಯವಾಗುತ್ತದೆ.

ಕೊಡೆ ಎಷ್ಟು ದೊಡ್ಡದಿರಬೇಕೆಂಬುದು ಲೆಕ್ಕದ ವಿಷಯ. ನೂರು ಗ್ರಾಂ ತೂಕದ ರಾಕೆಟ್ಟಿಗೆ ೪೫ ಸೆಂಟಿಮೀಟರ್ ವ್ಯಾಸದ ಕೊಡೆಯಿದ್ದರೆ ಅದು ಸೆಕೆಂಡಿಗೆ ಸುಮಾರು ೩.೭ ಮೀಟರಿನಂತೆ ಇಳಿಯುತ್ತದೆ. ವ್ಯಾಸವನ್ನು ಅರ್ಧಕ್ಕಿಳಿಸಿದರೆ ವೇಗ ಇಮ್ಮಡಿಯಾಗುತ್ತದೆ. ಹಾಗಾದರೆ ಕೊಡೆ ದೊಡ್ಡದಾದಷ್ಟೂ ಒಳ್ಳೆಯದೆ? ಅಲ್ಲ. ೨೦೦ ಮೀಟರ್ ಎತ್ತರದಿಂದ ಮೇಲಿನ ನಿಧಾನಗತಿಯಲ್ಲಿ ಇಳಿಯಲು ೫೪ ಸೆಕೆಂಡು ಬೇಕು. ಗಾಳಿಯು ಸೆಕೆಂಡಿಗೆ ಐದು ಮೀಟರ್ ಬೀಸುತ್ತಿದ್ದರೆ ಅಷ್ಟರಲ್ಲಿ ರಾಕೆಟ್ಟು ೨೭೦ ಮೀಟರ್ ದೂರ ತೇಲಿಹೋಗಿರುತ್ತದೆ. ವಿಜಯವಾಡದಲ್ಲಿ ಕೃಷ್ಣೆಯ ದಡದಿಂದ ಬಿಟ್ಟ ರಾಕೆಟ್ಟು ಪ್ರಕಾಶಂ ಅಣೆಕಟ್ಟಿನ ಹಿಂದಣ ನೀರಿನಲ್ಲಿ ಬೀಳಲು ಇಷ್ಟೇ ಸಾಕು. ವಿಶಾಖಪಟ್ಟಣದ ಕಡಲತೀರದಲ್ಲಿಯಾದರೆ ಮಧ್ಯಾಹ್ನದ ಕಡಲಗಾಳಿ ಅದನ್ನು ಮನೆಗಳ ಕಡೆಗೂ, ನಸುಕಿನ ನೆಲಗಾಳಿ ಸಮುದ್ರದ ಕಡೆಗೂ ಒಯ್ಯಬಹುದು. ಸಣ್ಣ ಕೊಡೆಯಾದರೆ ರಾಕೆಟ್ಟು ಒಡೆಯುತ್ತದೆ, ದೊಡ್ಡದಾದರೆ ಕಳೆದುಹೋಗುತ್ತದೆ.

ಈ ಇಕ್ಕಟ್ಟಿಗೆ ಪರಿಹಾರವೆಂದರೆ ಹಂತಹಂತವಾದ ಇಳಿತ. ದೊಡ್ಡ ಮಾದರಿಗಳಲ್ಲಿ ಮೊದಲು ಸಣ್ಣ ಕೊಡೆ ಬಿಚ್ಚಿಕೊಂಡು ರಾಕೆಟ್ಟನ್ನು ಬೇಗ ಕೆಳಗಿಳಿಸುತ್ತದೆ. ನೆಲ ಸಮೀಪಿಸಿದಾಗ ದೊಡ್ಡ ಕೊಡೆ ಬಿಚ್ಚುತ್ತದೆ. ಮನುಷ್ಯರನ್ನು ಅಂತರಿಕ್ಷಕ್ಕೆ ಕಳುಹಿಸುವ ಗಗನಯಾನ ಯೋಜನೆಯಲ್ಲಿಯೂ ಹಂತಹಂತವಾಗಿ ಇಳಿಸುವ ಕ್ರಮವೇ ಇದೆ. ಅದರ ಯಾತ್ರಿಕೋಶಕ್ಕೆ ಒಟ್ಟು ಹತ್ತು ಪ್ಯಾರಾಷೂಟುಗಳು. ಮೊದಲ ಎರಡು ಮೇಲಿನ ಮುಚ್ಚಳವನ್ನು ಎಳೆದು ತೆಗೆಯುತ್ತವೆ; ಮುಂದಿನ ಎರಡು ಕೋಶದ ಹೊಯ್ದಾಟವನ್ನು ನಿಲ್ಲಿಸಿ ವೇಗವನ್ನು ತಗ್ಗಿಸುತ್ತವೆ; ಅನಂತರದ ಮೂರು ಸಣ್ಣವು ಮೂರು ಮುಖ್ಯ ಕೊಡೆಗಳನ್ನು ಹೊರಗೆಳೆಯುತ್ತವೆ. ಮುಖ್ಯ ಕೊಡೆಗಳು ಒಮ್ಮೆಲೇ ಅರಳಿದರೆ ಹರಿದುಹೋಗಬಹುದಾದುದರಿಂದ ಅವುಗಳ ಬಾಯನ್ನು ಕೆಲವು ಸೆಕೆಂಡುಗಳ ಕಾಲ ಕಟ್ಟಿಟ್ಟು ಆಮೇಲೆ ಬಿಚ್ಚಲಾಗುತ್ತದೆ. ೨೦೨೨ರ ನವೆಂಬರ್ ೧೮ರಂದು ಝಾನ್ಸಿಯ ಬಳಿ ಐದು ಟನ್ನಿನ ಭಾರವನ್ನು ವಿಮಾನದಿಂದ ಕೆಳಗೆ ಬಿಟ್ಟು, ಮೂರರಲ್ಲಿ ಒಂದು ಮುಖ್ಯ ಕೊಡೆ ತೆರೆಯದಿದ್ದರೂ ಉಳಿದೆರಡು ಸಾಕೆ ಎಂಬುದನ್ನು ಪರೀಕ್ಷಿಸಲಾಯಿತು. ಭಾರವು ಸುರಕ್ಷಿತವಾಗಿ ಇಳಿಯಿತು.

ಆದರೆ ಕೊಡೆಗಳು ತೆರೆದ ಮಾತ್ರಕ್ಕೆ ಪ್ರತ್ಯಾಗಮನ ಮುಗಿಯದು. ೨೦೨೩ರ ಅಕ್ಟೋಬರ್ ೨೧ರಂದು ಶ್ರೀಹರಿಕೋಟೆಯಿಂದ ಸುಮಾರು ೧೭ ಕಿಲೋಮೀಟರ್ ಎತ್ತರಕ್ಕೇರಿದ ಪರೀಕ್ಷಾಕೋಶವು ಯಾತ್ರಿಕರಿಲ್ಲದೆ ಹೋಗಿ, ತೀರದಿಂದ ಸುಮಾರು ಹತ್ತು ಕಿಲೋಮೀಟರ್ ದೂರದಲ್ಲಿ ಕಡಲಿಗಿಳಿಯಿತು. ಪ್ಯಾರಾಷೂಟುಗಳು ಕ್ರಮವಾಗಿಯೇ ತೆರೆದಿದ್ದವು. ಆದರೆ ನೀರಿನಲ್ಲಿ ಕೋಶವು ತಲೆಕೆಳಗಾಗಿ ತೇಲುತ್ತಿತ್ತು. ನೌಕಾಪಡೆಯವರು ಅದನ್ನು ಎತ್ತಿ ತಂದರು. ಒಳಗೆ ಮನುಷ್ಯರಿದ್ದರೆ ಆ ನಿಮಿಷಗಳ ಬೆಲೆ ಎಷ್ಟೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ವಿಶಾಖಪಟ್ಟಣದ ಕಾರ್ಯದ ಮಹತ್ತ್ವ ಇಲ್ಲಿಯೇ ಇದೆ. ಅಲ್ಲಿನ ನೌಕಾಂಗಣದಲ್ಲಿ ೨೦೨೩ರ ಜುಲೈ ೨೦ರಂದು ಆರಂಭವಾದ ಪರೀಕ್ಷೆಗಳಲ್ಲಿ ಬಳಸಿದುದು ನಿಜವಾದ ಕೋಶವನ್ನಲ್ಲ, ತೂಕದಲ್ಲಿಯೂ ಆಕಾರದಲ್ಲಿಯೂ ಅದನ್ನು ಹೋಲುವ ಒಂದು ಮಾದರಿಯನ್ನು. ಅದಕ್ಕೆ ತೇಲುಬುರುಡೆಯನ್ನು ಕಟ್ಟುವುದು, ನೀರಿನಲ್ಲಿ ಎಳೆದೊಯ್ಯುವುದು, ಹಡಗಿನ ಮೇಲಕ್ಕೆ ಎತ್ತುವುದು, ಈ ಕೆಲಸಗಳನ್ನು ಅಭ್ಯಾಸ ಮಾಡಲಾಯಿತು. ೨೦೨೪ರ ಡಿಸೆಂಬರ್ ೬ರಂದು ಅದೇ ಕರಾವಳಿಯಾಚೆ ಇನ್ನೊಂದು ವಿಧಾನದ ಪರೀಕ್ಷೆ ನಡೆಯಿತು. ಹಡಗಿನ ಹಿಂಭಾಗದ ಅಂಕಣಕ್ಕೆ ನೀರನ್ನು ತುಂಬಿ, ಮಾದರಿಯನ್ನು ತೇಲಿಸುತ್ತಲೇ ಒಳಕ್ಕೆಳೆದು, ಬಳಿಕ ನೀರನ್ನು ಹೊರಹಾಕಿ ನೆಲೆಗೊಳಿಸುವುದೇ ಆ ವಿಧಾನ. ಯಾತ್ರಿಕರು ಕೋಶದಲ್ಲಿ ಕುಳಿತಂತೆಯೇ ಹಡಗನ್ನು ಸೇರಿ, ಬೇಗನೆ ಹೊರಬರಬಹುದು.

ಕಾಗದದ ಕೊಳವೆಯಾಗಲಿ ಐದು ಟನ್ನಿನ ಕೋಶವಾಗಲಿ, ಏರಿಸುವ ಬೆಂಕಿ ಕೆಲವೇ ಸೆಕೆಂಡು ಅಥವಾ ನಿಮಿಷಗಳದು. ಇಳಿಸುವುದಾದರೋ ಒಂದರ ಹಿಂದೊಂದು ತಪ್ಪದೆ ನಡೆಯಬೇಕಾದ ಸಣ್ಣ ಕಾರ್ಯಗಳ ಸರಣಿ. ಆದಕಾರಣ ಮಾದರಿ ರಾಕೆಟ್ಟನ್ನು ಕಟ್ಟಲೆಳಸುವ ವಿದ್ಯಾರ್ಥಿಯು ಅದು ಎಷ್ಟು ಎತ್ತರಕ್ಕೆ ಹೋದೀತೆಂದು ಲೆಕ್ಕಹಾಕುವ ಮುನ್ನ, ಎಲ್ಲಿ ಇಳಿದೀತು, ಯಾರು ಹೋಗಿ ತಂದಾರು ಎಂಬುದನ್ನು ಗೊತ್ತುಪಡಿಸಿಕೊಳ್ಳುವುದು ಲೇಸು.